ರಿಲೇಗೆ ನೇರವಾಗಿ ವೈರ್ ಕೊಡುವ ಮೊದಲು

ಡೇಟಾ ಅಕ್ವಿಸಿಷನ್ ಸಾಧನ ಎಂದರೆ ಸರಳವಾಗಿ ಅಳೆಯುವ ಪೆಟ್ಟಿಗೆ. ಒಂದು ಕಡೆ ಸೆನ್ಸರ್‌ಗಳ ವೈರ್, ಇನ್ನೊಂದು ಕಡೆ ಕಂಪ್ಯೂಟರಿಗೆ ಹೋಗುವ ಯುಎಸ್‌ಬಿ ತಂತಿ. ನೀರಿನ ಮಟ್ಟ, ಮಣ್ಣಿನ ತೇವ, ಉಷ್ಣತೆ ಇವೆಲ್ಲ ವೋಲ್ಟೇಜ್ ರೂಪದಲ್ಲಿ ಒಳಗೆ ಬರುತ್ತವೆ, ಸಂಖ್ಯೆಯಾಗಿ ಕಂಪ್ಯೂಟರಿಗೆ ಹೋಗುತ್ತವೆ. ಅಳೆಯುವುದೇ ಅದರ ಕಸುಬು. ಆದರೆ ಅದೇ ಪೆಟ್ಟಿಗೆಯಲ್ಲಿ ಡಿಜಿಟಲ್ ಔಟ್‌ಪುಟ್ ಎಂದು ಬರೆದ ಕೆಲವು ಸ್ಕ್ರೂಗಳೂ ಇರುತ್ತವೆ. ಪ್ರೋಗ್ರಾಮಿನಲ್ಲಿ 1 ಬರೆದರೆ ಅಲ್ಲಿ 5 ವೋಲ್ಟ್, 0 ಬರೆದರೆ 0 ವೋಲ್ಟ್. ಮಾರುಕಟ್ಟೆಯಲ್ಲಿ ಸಿಗುವ ನೀಲಿ ಡಬ್ಬಿಯ ರಿಲೇಯೂ 5 ವೋಲ್ಟಿನದೇ. ಎರಡೂ ಕಡೆ 5 ಎಂದಿದೆ, ಹಾಗಾದರೆ ಎರಡು ವೈರ್ ಜೋಡಿಸಿದರೆ ಆಯಿತಲ್ಲ?

ಈ ವರ್ಷದ ವಸ್ತುಪ್ರದರ್ಶನಕ್ಕೆ ತಯಾರಿ ನಡೆಸಿರುವ ವಿಜ್ಞಾನ ವಿಭಾಗದ ಗೆಳೆಯರು ನನಗೆ ಕೇಳಿದ ಪ್ರಶ್ನೆ ಇದೇ. ಕಾಮರ್ಸ್ ವಿದ್ಯಾರ್ಥಿಗೆ ಇದನ್ನು ಯಾಕೆ ಕೇಳಬೇಕು ಎಂದರೆ, ನಮ್ಮ ಅಬ್ಬಾ ಇಂಡಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಲಿಂಬೆ ತೋಟದವರ ಪಂಪ್‌ಸೆಟ್, ಸ್ಟಾರ್ಟರ್, ಈಗೀಗ ಮೊಬೈಲಿನಿಂದ ನಡೆಯುವ ಆಟೊ ಸ್ಟಾರ್ಟರ್ ಎಲ್ಲವೂ ಅಲ್ಲಿಗೆ ಬರುತ್ತವೆ. ಸಂಜೆ ಹೊತ್ತು ನಾನು ಅಲ್ಲೇ ಇರುತ್ತೇನೆ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಬಿಡಿಭಾಗಗಳ ಹೆಸರೆಲ್ಲ ಇಂಗ್ಲಿಷ್. ಈ ಪಾಠವೂ ಹಾಗೇ ಮೂರೂ ಕಲಸಿ ಬಂದರೆ ಕ್ಷಮಿಸಿ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ನೇರ ಜೋಡಿಸಬಾರದು. ಡಿಜಿಟಲ್ ಔಟ್‌ಪುಟ್ ಕೊಡುವುದು ಆದೇಶ, ಶಕ್ತಿಯಲ್ಲ.

ನಮ್ಮ ಅಕೌಂಟೆನ್ಸಿ ಭಾಷೆಯಲ್ಲಿ ಹೇಳುವುದಾದರೆ, ವೋಚರ್‌ಗೆ ಸಹಿ ಹಾಕುವವರು ಬೇರೆ, ತಿಜೋರಿಯಿಂದ ಹಣ ಎಣಿಸಿ ಕೊಡುವ ಕ್ಯಾಶಿಯರ್ ಬೇರೆ. ಸಹಿ ಹಾಕುವವರ ಜೇಬಿನಿಂದಲೇ ಇಡೀ ಸಂಬಳ ಕೊಡಿಸಲು ಹೋದರೆ ಮೊದಲ ತಿಂಗಳೇ ಅವರು ದಿವಾಳಿ. ಪೆಟ್ಟಿಗೆಯೊಳಗಿನ ಚಿಪ್ಪಿನ ಸ್ಥಿತಿಯೂ ಅದೇ.

ಲೆಕ್ಕ ನೋಡಿ. ಎಲ್ಲರೂ ಬಳಸುವ ನೀಲಿ ಬಣ್ಣದ 5 ವೋಲ್ಟ್ ರಿಲೇಯ ಕಾಯಿಲ್ ಸುಮಾರು 70 ಓಮ್. 5ನ್ನು 70ರಿಂದ ಭಾಗಿಸಿದರೆ 0.071 ಆಂಪಿಯರ್, ಅಂದರೆ 71 ಮಿಲಿ ಆಂಪಿಯರ್. ಈಗ ಕೊಡುವವರ ಕಡೆ ನೋಡೋಣ. ಪ್ರಯೋಗಾಲಯಗಳಲ್ಲಿ ಹೆಚ್ಚು ಕಾಣುವ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಯುಎಸ್‌ಬಿ-6008 ಎಂಬ ಪೆಟ್ಟಿಗೆಯಲ್ಲಿ ಒಂದೊಂದು ಡಿಜಿಟಲ್ ಲೈನಿಗೆ ಹೇಳಿರುವ ಮಿತಿ 8.5 ಮಿಲಿ ಆಂಪಿಯರ್. ರಿಲೇ ಕೇಳುವುದು ಅದರ ಎಂಟು ಪಟ್ಟು. ಆರ್ಡುಯಿನೊ ಊನೊ ಬೋರ್ಡು ಸ್ವಲ್ಪ ಗಟ್ಟಿ, ಅದರ ಪಿನ್ನಿಗೆ 20 ಮಿಲಿ ಆಂಪಿಯರ್ ಆರಾಮ, 40 ದಾಟಿದರೆ ಚಿಪ್ಪಿಗೇ ಹಾನಿ. ಅದಕ್ಕೂ 71 ಆಗದ ಮಾತು.

ಹಾಗೆ ಜೋಡಿಸಿದರೆ ಏನಾಗುತ್ತದೆ? ಕೆಲವೊಮ್ಮೆ ಏನೂ ಆಗುವುದಿಲ್ಲ, ವೋಲ್ಟೇಜ್ ಕುಸಿದು ರಿಲೇ ಎಳೆಯುವುದೇ ಇಲ್ಲ. ಈ 5 ವೋಲ್ಟಿನ ರಿಲೇ ಎಳೆಯಲು ಕನಿಷ್ಠ 3.75 ವೋಲ್ಟಾದರೂ ಬೇಕು. ಕೆಲವೊಮ್ಮೆ ಒಂದೆರಡು ಸಲ ಟಕ್ ಎಂದು ಎಳೆದು ಆಮೇಲೆ ಆ ಲೈನ್ ಕಾಯಂ ಸತ್ತುಹೋಗುತ್ತದೆ. ಎರಡನೆಯದು ಹೆಚ್ಚು ಕೆಟ್ಟದ್ದು, ಯಾಕೆಂದರೆ ಒಮ್ಮೆ ನಡೆದದ್ದನ್ನು ನೋಡಿದವರು ಜೋಡಣೆ ಸರಿಯಿದೆ ಎಂದೇ ನಂಬುತ್ತಾರೆ.

ರಿಲೇ ಎಂಬ ಪದದ ಹಿಂದೆಯೂ ಇದೇ ಅರ್ಥವಿದೆ. ಹಿಂದೆ ದೂರ ಪ್ರಯಾಣದಲ್ಲಿ ದಣಿದ ಕುದುರೆಯ ಬದಲಿಗೆ ದಾರಿಯಲ್ಲಿ ಕಾಯುತ್ತಿದ್ದ ತಾಜಾ ಕುದುರೆಗಳಿಗೆ ರಿಲೇ ಎನ್ನುತ್ತಿದ್ದರು. ನಮ್ಮ ಕಡೆಯ ಡಾಕ್ ಚೌಕಿಯ ವ್ಯವಸ್ಥೆಯೂ ಅದೇ: ಓಲೆ ಮುಂದೆ ಹೋಗುತ್ತದೆ, ಕುದುರೆ ಬದಲಾಗುತ್ತದೆ. 1830ರ ದಶಕದಲ್ಲಿ ಅಮೆರಿಕದ ಜೋಸೆಫ್ ಹೆನ್ರಿ ವಿದ್ಯುತ್ ರಿಲೇಯನ್ನು ತೋರಿಸಿದ್ದು ಇದೇ ತತ್ವದ ಮೇಲೆ. ದೂರದಿಂದ ಬಂದ ದುರ್ಬಲ ಸಂಕೇತ ಇಲ್ಲಿನ ಬ್ಯಾಟರಿಯ ಸ್ವಿಚ್ಚನ್ನು ಮುಚ್ಚಿದರೆ ಸಾಕು, ಮುಂದಿನ ಶಕ್ತಿ ಆ ಬ್ಯಾಟರಿಯದು. ಟೆಲಿಗ್ರಾಫ್ ನೂರಾರು ಮೈಲಿ ಓಡಿದ್ದು ಹೀಗೆ. ನಮ್ಮ ಸಮಸ್ಯೆ ಏನೆಂದರೆ ರಿಲೇಯನ್ನು ಎಬ್ಬಿಸುವುದಕ್ಕೇ ಪೆಟ್ಟಿಗೆಯ ಬಲ ಸಾಲದು. ಹಾಗಾಗಿ ರಿಲೇಗೂ ಮುಂಚೆ ಇನ್ನೊಂದು ಸಣ್ಣ ಕುದುರೆ ಬೇಕು.

ಆ ಸಣ್ಣ ಕುದುರೆಯೇ ಟ್ರಾನ್ಸಿಸ್ಟರ್. ಅದಕ್ಕೆ ಮೂರು ಕಾಲು: ಬೇಸ್, ಕಲೆಕ್ಟರ್, ಎಮಿಟರ್. ಬೇಸ್‌ಗೆ ಸ್ವಲ್ಪ ಕರೆಂಟ್ ಕೊಟ್ಟರೆ ಕಲೆಕ್ಟರ್‌ನಿಂದ ಎಮಿಟರ್‌ಗೆ ದೊಡ್ಡ ಕರೆಂಟ್ ಹರಿಯಲು ದಾರಿ ತೆರೆಯುತ್ತದೆ. ರಿಲೇಯ ಕಾಯಿಲಿನ ಒಂದು ತುದಿ ಬೇರೆ 5 ವೋಲ್ಟ್ ಸಪ್ಲೈಗೆ, ಇನ್ನೊಂದು ತುದಿ ಕಲೆಕ್ಟರ್‌ಗೆ. ಎಮಿಟರ್ ಗ್ರೌಂಡಿಗೆ. ಔಟ್‌ಪುಟ್ ಪಿನ್ನಿನಿಂದ 1000 ಓಮ್ ರೆಸಿಸ್ಟರ್ ಮೂಲಕ ಬೇಸ್‌ಗೆ. ಬೇಸ್ ತಾನು 0.7 ವೋಲ್ಟ್ ಇಟ್ಟುಕೊಳ್ಳುತ್ತದೆ, ಉಳಿದ 4.3 ವೋಲ್ಟನ್ನು 1000ದಿಂದ ಭಾಗಿಸಿದರೆ 4.3 ಮಿಲಿ ಆಂಪಿಯರ್. ಆರ್ಡುಯಿನೊದಂಥ ಪಿನ್ನಿಗೆ ಅದು ಹಗುರ. ಅಷ್ಟರಿಂದ 71 ಮಿಲಿ ಆಂಪಿಯರ್ ನಡೆಸಬೇಕೆಂದರೆ ಟ್ರಾನ್ಸಿಸ್ಟರ್ ಹದಿನೇಳು ಪಟ್ಟು ಹಿಗ್ಗಿಸಬೇಕು. ಅದರ ಶಕ್ತಿ ನೂರು ಪಟ್ಟಿಗಿಂತ ಹೆಚ್ಚಿರುತ್ತದೆ, ಆದರೂ ಇಷ್ಟು ಧಾರಾಳವಾಗಿ ಕೊಡುವುದು ಒಳ್ಳೆಯದು. ಅರ್ಧಂಬರ್ಧ ತೆರೆದ ಟ್ರಾನ್ಸಿಸ್ಟರ್ ಬಿಸಿಯಾಗುತ್ತದೆ.

ಪುಸ್ತಕಗಳಲ್ಲಿ ಹೆಚ್ಚಾಗಿ ಬಿಸಿ 547 ಎಂಬ ಟ್ರಾನ್ಸಿಸ್ಟರನ್ನು ತೋರಿಸುತ್ತಾರೆ. ಅದರ ಗರಿಷ್ಠ ಮಿತಿ 100 ಮಿಲಿ ಆಂಪಿಯರ್. 71ಕ್ಕೂ 100ಕ್ಕೂ ನಡುವೆ ಅಂತರ ಕಡಿಮೆ. ಅದೇ ಬೆಲೆಯ ಆಸುಪಾಸಿನಲ್ಲಿ ಸಿಗುವ ಬಿಸಿ 337ರ ಮಿತಿ 800. ನಾನಾದರೆ ಅದನ್ನೇ ಹಾಕುತ್ತೇನೆ. ನಾಲ್ಕೈದು ರಿಲೇ ಇದ್ದರೆ ಯುಎಲ್‌ಎನ್2003 ಎಂಬ ಐಸಿ ಇದೆ, ಏಳು ಡ್ರೈವರ್‌ಗಳು ಒಂದರಲ್ಲೇ. ಆದರೆ ಅದು ತನ್ನೊಳಗೆ ಸುಮಾರು 0.9 ವೋಲ್ಟ್ ತಿಂದುಬಿಡುತ್ತದೆ. 5 ವೋಲ್ಟಿನ ರಿಲೇಗೆ ಉಳಿಯುವುದು ನಾಲ್ಕು ಚಿಲ್ಲರೆ. ನಡೆಯುತ್ತದೆ, ಆದರೆ ಸಪ್ಲೈ ಸ್ವಲ್ಪ ಕುಸಿದರೂ ರಿಲೇ ಎಳೆಯದು. ಅದರ ಜೊತೆ 12 ವೋಲ್ಟಿನ ರಿಲೇ ಹೊಂದುತ್ತದೆ.

ರಿಲೇಯ ಸಪ್ಲೈಯನ್ನು ಅಳೆಯುವ ಪೆಟ್ಟಿಗೆಯ 5 ವೋಲ್ಟ್ ಸ್ಕ್ರೂನಿಂದಲೇ ತೆಗೆದರೆ? ಮೇಲೆ ಹೇಳಿದ 6008ರಲ್ಲಿ ಅದರ ಮಿತಿ 200 ಮಿಲಿ ಆಂಪಿಯರ್. ಎರಡು ರಿಲೇಗೆ 142, ಸಾಕು. ಮೂರಕ್ಕೆ 213, ಮಿತಿ ದಾಟಿತು. ಇನ್ನೊಂದು ತೊಂದರೆ ಲೆಕ್ಕದಲ್ಲಿ ಕಾಣುವುದಿಲ್ಲ, ಪರದೆಯ ಮೇಲೆ ಕಾಣುತ್ತದೆ. ರಿಲೇಯ ಕರೆಂಟೂ ಸೆನ್ಸರಿನ ಕರೆಂಟೂ ಒಂದೇ ಗ್ರೌಂಡ್ ವೈರಿನಲ್ಲಿ ವಾಪಸಾದರೆ, ರಿಲೇ ಎಳೆದ ಕ್ಷಣ ಮಣ್ಣಿನ ತೇವದ ಅಂಕಿ ಜಿಗಿಯುತ್ತದೆ. ತೇವ ಹೆಚ್ಚಾಯಿತು ಎಂದು ಪ್ರೋಗ್ರಾಮ್ ಪಂಪ್ ನಿಲ್ಲಿಸುತ್ತದೆ. ರಿಲೇ ಬಿಟ್ಟ ಕೂಡಲೇ ಅಂಕಿ ಹಳೆಯ ಜಾಗಕ್ಕೆ ಬರುತ್ತದೆ. ಮತ್ತೆ ಪಂಪ್ ಶುರು. ಟಕ ಟಕ ಟಕ ಎಂದು ರಿಲೇ ಹುಚ್ಚು ಹಿಡಿದಂತೆ ಆಡುತ್ತದೆ. ಇದಕ್ಕೆ ಮದ್ದು ಎರಡು. ರಿಲೇಗೆ ಬೇರೆ ಸಪ್ಲೈ, ಬೇರೆ ವಾಪಸು ವೈರ್. ಜೊತೆಗೆ ಪ್ರೋಗ್ರಾಮಿನಲ್ಲಿ ಶುರುವಿನ ಅಂಕಿ ಮತ್ತು ನಿಲ್ಲುವ ಅಂಕಿ ನಡುವೆ ಅಂತರ: ತೇವ 30ಕ್ಕೆ ಇಳಿದರೆ ಶುರು, 45ಕ್ಕೆ ಏರಿದರೆ ಬಂದ್. ಮನೆಯ ಫ್ರಿಜ್ ಮಾಡುವುದೂ ಇದನ್ನೇ.

ಈಗ ಒಂದು ರೂಪಾಯಿಯ ವಿಷಯ. ಕಾಯಿಲಿನ ಎರಡು ತುದಿಗಳಿಗೆ ಅಡ್ಡವಾಗಿ ಒಂದು ಡಯೋಡ್ ಹಾಕಬೇಕು. 1ಎನ್4007 ಸಾಕು. ಅದರ ಮೇಲಿನ ಬೆಳ್ಳಿ ಪಟ್ಟಿ ಪ್ಲಸ್ ಕಡೆಗಿರಬೇಕು, ತಿರುಗುಮುರುಗಾದರೆ ಸಪ್ಲೈಯೇ ಶಾರ್ಟ್. ಇದು ಯಾಕೆ ಬೇಕು ಎಂಬುದನ್ನು ತೋಟದವರಿಗೆ ಹೇಳುವುದು ಸುಲಭ. ಪೈಪಿನಲ್ಲಿ ನೀರು ರಭಸವಾಗಿ ಹರಿಯುತ್ತಿರುವಾಗ ವಾಲ್ವ್ ಒಮ್ಮೆಲೇ ಮುಚ್ಚಿದರೆ ಪೈಪ್ ಗುದ್ದುತ್ತದೆ, ಜಾಯಿಂಟ್ ಕಿತ್ತುಹೋಗುವುದೂ ಉಂಟು. ಹರಿಯುತ್ತಿದ್ದ ನೀರಿಗೆ ನಿಲ್ಲಲು ಮನಸ್ಸಿಲ್ಲ. ಕಾಯಿಲಿನಲ್ಲಿ ಹರಿಯುವ ಕರೆಂಟಿಗೂ ಇದೇ ಹಟ. ಟ್ರಾನ್ಸಿಸ್ಟರ್ ದಾರಿ ಮುಚ್ಚಿದ ಕ್ಷಣ ಅದು ನೂರಾರು ವೋಲ್ಟಿಗೆ ಹಾರಿ ಗುದ್ದಬಲ್ಲದು. ಟ್ರಾನ್ಸಿಸ್ಟರ್ ತಡೆಯಬಲ್ಲದ್ದು 45 ವೋಲ್ಟ್. ಡಯೋಡ್ ಇದ್ದರೆ ಆ ಕರೆಂಟಿಗೆ ಸುತ್ತಿಕೊಂಡು ಸುಸ್ತಾಗಲು ಒಂದು ಪಕ್ಕದ ದಾರಿ ಸಿಗುತ್ತದೆ. ರಿಲೇ ಬಿಡುವುದು ಕೆಲವು ಮಿಲಿ ಸೆಕೆಂಡ್ ತಡವಾಗುತ್ತದೆ, ಪಂಪಿನ ಕೆಲಸಕ್ಕೆ ಅದು ಲೆಕ್ಕಕ್ಕಿಲ್ಲ. ಒಂದು ರೂಪಾಯಿ ಉಳಿಸಿ ಸಾವಿರಾರು ರೂಪಾಯಿಯ ಪೆಟ್ಟಿಗೆ ಕಳೆದುಕೊಳ್ಳುವುದು ಯಾವ ಕಾಸ್ಟಿಂಗ್‌ನಲ್ಲೂ ಒಪ್ಪುವ ಲೆಕ್ಕವಲ್ಲ.

ಇಷ್ಟನ್ನೆಲ್ಲ ಮಾಡಿಯೂ ಒಂದು ಬಲೆ ಉಳಿದಿದೆ. ನನ್ನ ಅಭಿಪ್ರಾಯದಲ್ಲಿ ಇಡೀ ಪಾಠದಲ್ಲಿ ಇದೇ ಮುಖ್ಯ.

ಪ್ರೋಗ್ರಾಮ್ ಇನ್ನೂ ಶುರುವಾಗದೇ ಇರುವಾಗ ಆ ಔಟ್‌ಪುಟ್ ಪಿನ್ ಯಾವ ಸ್ಥಿತಿಯಲ್ಲಿರುತ್ತದೆ? ಹೆಚ್ಚಿನವರು ಸೊನ್ನೆ ಎನ್ನುತ್ತಾರೆ. ಆದರೆ 6008ರಲ್ಲಿ ಯುಎಸ್‌ಬಿ ತಂತಿ ಚುಚ್ಚಿದಾಗ ಎಲ್ಲ ಡಿಜಿಟಲ್ ಲೈನ್‌ಗಳೂ ಇನ್‌ಪುಟ್ ಆಗಿಯೇ ಏಳುತ್ತವೆ, ಮತ್ತು ಪ್ರತಿ ಲೈನಿಗೂ ಒಳಗಿನಿಂದ 4700 ಓಮಿನ ರೆಸಿಸ್ಟರ್ ಒಂದು 5 ವೋಲ್ಟಿಗೆ ಕಟ್ಟಿರುತ್ತದೆ. ಅಂದರೆ ಯಾರೂ ಏನೂ ಹೇಳದಿದ್ದರೂ ಲೈನ್ ಮೇಲೆಯೇ ಇರುತ್ತದೆ. ನಾವು ಮೇಲೆ ಕಟ್ಟಿದ ಟ್ರಾನ್ಸಿಸ್ಟರನ್ನು ಅದಕ್ಕೆ ಜೋಡಿಸಿದೆವು ಎನ್ನಿ. 4.3 ವೋಲ್ಟನ್ನು 5700 ಓಮಿನಿಂದ ಭಾಗಿಸಿ: 0.75 ಮಿಲಿ ಆಂಪಿಯರ್. ಟ್ರಾನ್ಸಿಸ್ಟರ್ ಅದನ್ನು ನೂರು ಪಟ್ಟು ಮಾಡಿದರೆ 75. ರಿಲೇಗೆ ಬೇಕಿದ್ದದ್ದು 71. ಕಂಪ್ಯೂಟರ್ ಇನ್ನೂ ವಿಂಡೋಸ್ ತೆರೆಯುತ್ತಿರುವಾಗಲೇ ಪಂಪ್ ಶುರುವಾಗಿಬಿಡಬಹುದು. ಯಾರೂ ಸಹಿ ಹಾಕದ ಚೆಕ್ ಪಾಸಾದಂತೆ.

ಹಾಗಾಗಿ ಇಂಥ ಪೆಟ್ಟಿಗೆಯೊಡನೆ ಉಲ್ಟಾ ಯೋಚಿಸಬೇಕು. ಲೈನ್ ಮೇಲಿದ್ದರೆ ಬಂದ್, ಕೆಳಗೆ ಎಳೆದರೆ ಮಾತ್ರ ಚಾಲೂ. ಅಂಗಡಿಯಲ್ಲಿ ಸಿಗುವ ಲೋ ಟ್ರಿಗರ್ ರಿಲೇ ಮಾಡ್ಯೂಲ್‌ಗಳು ಹೀಗೇ ನಡೆಯುತ್ತವೆ. ಅವುಗಳಲ್ಲಿ ಆಪ್ಟೊಕಪ್ಲರ್ ಎಂಬ ಸಣ್ಣ ಕಪ್ಪು ಚಿಪ್ ಇರುತ್ತದೆ. ಒಳಗೆ ಒಂದು ಪುಟ್ಟ ದೀಪ, ಎದುರಿಗೆ ಆ ಬೆಳಕನ್ನು ನೋಡುವ ಕಣ್ಣು. ನಡುವೆ ವೈರ್ ಇಲ್ಲ, ಬೆಳಕು ಮಾತ್ರ. ಆ ದೀಪಕ್ಕೆ ಬೇಕಾಗುವುದು ಎರಡು ಮಿಲಿ ಆಂಪಿಯರ್ ಆಸುಪಾಸು, 8.5ರ ಮಿತಿಯೊಳಗೆ ಆರಾಮವಾಗಿ ಕೂರುತ್ತದೆ.

ಈ ಮಾಡ್ಯೂಲ್ ತಂದವರು ಮರೆಯುವ ಒಂದು ಸಂಗತಿ ಇದೆ. ಅದರ ಮೂಲೆಯಲ್ಲಿ ಜೆಡಿ-ವಿಸಿಸಿ ಮತ್ತು ವಿಸಿಸಿ ಎಂಬ ಎರಡು ಪಿನ್‌ಗಳನ್ನು ಒಂದು ಸಣ್ಣ ಜಂಪರ್ ಟೋಪಿ ಸೇರಿಸಿರುತ್ತದೆ. ಅದನ್ನು ಕಿತ್ತು ಹಾಕಿ. ವಿಸಿಸಿಗೆ ಅಳೆಯುವ ಪೆಟ್ಟಿಗೆಯ 5 ವೋಲ್ಟ್, ಜೆಡಿ-ವಿಸಿಸಿಗೆ ಬೇರೆ ಅಡಾಪ್ಟರಿನ 5 ವೋಲ್ಟ್ ಕೊಡಿ, ಅಡಾಪ್ಟರಿನ ಗ್ರೌಂಡನ್ನು ಪೆಟ್ಟಿಗೆಯ ಗ್ರೌಂಡಿಗೆ ಸೇರಿಸಬೇಡಿ. ಆಗ ಎರಡು ಲಾಭ. ಕಾಯಿಲಿನ ಗಲಾಟೆ ಸೆನ್ಸರಿಗೆ ತಲುಪದು. ಯುಎಸ್‌ಬಿ ತಂತಿ ಕಿತ್ತುಬಂದರೆ ಆಪ್ಟೊ ದೀಪದ ಸಪ್ಲೈಯೇ ಹೋಗುವುದರಿಂದ ರಿಲೇ ತಾನಾಗಿ ಬಿಡುತ್ತದೆ. ಜಂಪರ್ ಹಾಗೇ ಬಿಟ್ಟು ಅಡಾಪ್ಟರಿನಿಂದ ಎರಡಕ್ಕೂ ಕೊಟ್ಟಿದ್ದರೆ, ಪೆಟ್ಟಿಗೆ ಸತ್ತಾಗಲೂ ಅದರ ಪಿನ್ನಿನ ಮೂಲಕ ಕರೆಂಟ್ ನುಸುಳಿ ರಿಲೇ ಎಳೆದೇ ಇರುವ ಸಾಧ್ಯತೆ ಇದೆ.

ಇಲ್ಲಿಯವರೆಗೆ 5 ವೋಲ್ಟಿನ ಮಾತು. ಕೈಗೆ ತಗುಲಿದರೂ ಏನಾಗದು. ರಿಲೇಯ ಇನ್ನೊಂದು ಕಡೆಗೆ ಮೂರು ಸ್ಕ್ರೂಗಳಿರುತ್ತವೆ: ಕಾಮನ್, ಎನ್‌ಒ, ಎನ್‌ಸಿ. ಅಲ್ಲಿಂದ ಮುಂದೆ ಜೀವದ ಮಾತು.

ರಿಲೇಯ ಮೇಲೆ 10 ಆಂಪಿಯರ್ 250 ವೋಲ್ಟ್ ಎಂದು ಬರೆದಿರುತ್ತದೆ. ಇದನ್ನು ನೋಡಿ ಪಂಪ್‌ಸೆಟ್ಟಿಗೇ ಹಾಕಬಹುದು ಎನ್ನುವವರು ನಮ್ಮ ಅಂಗಡಿಗೂ ಬಂದಿದ್ದಾರೆ. 5 ಎಚ್‌ಪಿ ಮೋಟಾರ್ ಎಂದರೆ 3.7 ಕಿಲೊವ್ಯಾಟ್, 415 ವೋಲ್ಟ್ ತ್ರೀ ಫೇಸಿನಲ್ಲಿ ತುಂಬು ಹೊರೆಗೆ 7ರಿಂದ 8 ಆಂಪಿಯರ್ ಎಳೆಯುತ್ತದೆ. 10ಕ್ಕಿಂತ ಕಡಿಮೆಯಲ್ಲವೇ? ಆದರೆ ಶುರುವಾಗುವ ಆ ಒಂದೆರಡು ಸೆಕೆಂಡು ಅದು ಎಳೆಯುವುದು ಸುಮಾರು ಆರು ಪಟ್ಟು, 40 ಆಂಪಿಯರಿಗೂ ಮೇಲೆ. ಆ ಕಿಡಿಗೆ ರಿಲೇಯ ಒಳಗಿನ ಕಾಂಟ್ಯಾಕ್ಟುಗಳು ಬೆಸೆದುಕೊಳ್ಳುತ್ತವೆ. ಒಮ್ಮೆ ಬೆಸೆದರೆ ಕಾಯಿಲಿಗೆ ಕರೆಂಟ್ ಬಂದ್ ಮಾಡಿದರೂ ಬಿಡುವುದಿಲ್ಲ. ಸಿಂದಗಿ ಕಡೆಯ ರೈತರೊಬ್ಬರು ಅಬ್ಬಾರಿಗೆ ಹೇಳಿದ ಮಾತು ನನಗೆ ನೆನಪಿದೆ: "ಮೇಸ್ತ್ರಿ, ಮೊಬೈಲ್‌ನ್ಯಾಗ ಬಂದ್ ಅಂತ ತೋರಸ್ತೈತ್ರಿ, ಮೋಟಾರ ಮಾತ್ರ ನಿಂದ್ರವಲ್ದು." ಪರದೆ ತೋರಿಸುತ್ತಿದ್ದದ್ದು ತಾನು ಕೊಟ್ಟ ಆದೇಶವನ್ನು. ನಡೆದದ್ದನ್ನಲ್ಲ.

ಅದಕ್ಕೇ ಮೂರನೆಯ ಕುದುರೆ, ಸ್ಟಾರ್ಟರಿನೊಳಗಿನ ಕಾಂಟ್ಯಾಕ್ಟರ್. ಮೋಟಾರಿನ ಹೊರೆ ಹೊರುವುದು ಅದು. ಸಣ್ಣ ರಿಲೇ ಆ ಕಾಂಟ್ಯಾಕ್ಟರಿನ ಕಾಯಿಲನ್ನು ಮಾತ್ರ ಎಬ್ಬಿಸಬೇಕು. ಇಲ್ಲೂ ನೋಡಿಕೊಳ್ಳಬೇಕಾದದ್ದು ಒಂದಿದೆ. ಹೊಲದಲ್ಲಿ ನ್ಯೂಟ್ರಲ್ ಇರುವುದಿಲ್ಲವಾದ್ದರಿಂದ ನಮ್ಮ ಕಡೆಯ ಎಷ್ಟೋ ಸ್ಟಾರ್ಟರುಗಳ ಕಾಯಿಲ್ ಎರಡು ಫೇಸಿನ ನಡುವೆ, ಅಂದರೆ 415 ವೋಲ್ಟಿನಲ್ಲಿ ನಡೆಯುತ್ತದೆ. 250 ವೋಲ್ಟ್ ಎಂದು ಬರೆದ ರಿಲೇಯನ್ನು ಅದಕ್ಕೆ ಹಾಕುವಂತಿಲ್ಲ. ನಡುವೆ ಕಂಟ್ರೋಲ್ ಟ್ರಾನ್ಸ್‌ಫಾರ್ಮರ್ ಹಾಕಿ 24 ವೋಲ್ಟಿನ ಕಾಯಿಲ್ ಬಳಸುವುದು, ಅಥವಾ 415ಕ್ಕೆ ಒಪ್ಪುವ ಇನ್ನೊಂದು ಸಹಾಯಕ ಕಾಂಟ್ಯಾಕ್ಟರ್ ಇಡುವುದು ಸರಿಯಾದ ದಾರಿ. ಇದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ, ವಿದ್ಯಾರ್ಥಿಗಳದ್ದಲ್ಲ. ನಾವು ವಸ್ತುಪ್ರದರ್ಶನದಲ್ಲಿ 12 ವೋಲ್ಟಿನ ಪುಟ್ಟ ಪಂಪ್ ಇಟ್ಟುಕೊಂಡರೆ ತತ್ವ ತೋರಿಸಲು ಏನೂ ಕೊರತೆಯಾಗದು.

ಸ್ಟಾರ್ಟರಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಹಸಿರು ಗುಂಡಿ ಒತ್ತಿದರೆ ಕಾಂಟ್ಯಾಕ್ಟರ್ ಎಳೆಯುತ್ತದೆ, ಕೈ ಬಿಟ್ಟ ಮೇಲೂ ತನ್ನದೇ ಒಂದು ಸಣ್ಣ ಕಾಂಟ್ಯಾಕ್ಟಿನ ಮೂಲಕ ತನ್ನನ್ನು ತಾನು ಹಿಡಿದುಕೊಂಡಿರುತ್ತದೆ. ಕರೆಂಟ್ ಹೋದರೆ ಬಿಡುತ್ತದೆ. ಕರೆಂಟ್ ವಾಪಸು ಬಂದರೂ ಯಾರಾದರೂ ಮತ್ತೆ ಗುಂಡಿ ಒತ್ತುವವರೆಗೆ ಸುಮ್ಮನೆ ಇರುತ್ತದೆ. ಹಳೆಯ ಮೇಸ್ತ್ರಿಗಳು ಇದನ್ನು ನೋ ವೋಲ್ಟ್ ಕಾಯಿಲ್ ಎನ್ನುತ್ತಾರೆ. ಎಂಥ ಜಾಣ ವ್ಯವಸ್ಥೆ ನೋಡಿ. ಇದನ್ನು ನಾವೇ ಕೈಯಾರೆ ಕೆಡಿಸುವುದು ಹೇಗೆಂದರೆ, ಹಸಿರು ಗುಂಡಿಗೆ ಅಡ್ಡವಾಗಿ ರಿಲೇ ಹಾಕಿ ಅದನ್ನು ಸತತವಾಗಿ ಎಳೆದು ಹಿಡಿಯುವುದು. ಆಗ ಕರೆಂಟ್ ಬಂದ ಕ್ಷಣವೇ ಮೋಟಾರ್ ಶುರು.

ನಮ್ಮ ಜಿಲ್ಲೆಯಲ್ಲಿ ಪಂಪ್‌ಸೆಟ್ಟಿಗೆ ತ್ರೀ ಫೇಸ್ ದಿನವಿಡೀ ಇರುವುದಿಲ್ಲ. ಸರ್ಕಾರದ ಲೆಕ್ಕ 7 ಗಂಟೆ, ಅದೂ ಎಷ್ಟೋ ಸಲ ರಾತ್ರಿ ಪಾಳಿ. ರೈತರಿಗೆ ಆಟೊ ಸ್ಟಾರ್ಟರ್ ಯಾಕೆ ಬೇಕು ಎಂಬುದು ಅರ್ಥವಾಗುತ್ತದೆ. ರಾತ್ರಿ ಎರಡಕ್ಕೆ ಎದ್ದು ಹಾವು ಚೇಳು ನೋಡಿಕೊಂಡು ಹೊಲಕ್ಕೆ ಹೋಗುವ ಕಷ್ಟ ತಪ್ಪುತ್ತದೆ. ಆದರೆ ಕರೆಂಟ್ ಇಲ್ಲದ ಹೊತ್ತೇ ರಿಪೇರಿಯ ಹೊತ್ತೂ ಹೌದು. ಹೋದ ಬೇಸಿಗೆಯಲ್ಲಿ ನಮಗೆ ಪರಿಚಯದ ಒಬ್ಬರು ಕರೆಂಟ್ ಇಲ್ಲ ಎಂದು ಪಂಪಿನ ಬೆಲ್ಟ್ ಏರಿಸುತ್ತಿದ್ದರು. ಆಟೊ ಮೋಡ್ ಚಾಲೂ ಇತ್ತು. ಕರೆಂಟ್ ಬಂತು. ಬಲಗೈಯ ಎರಡು ಬೆರಳು ಹೋದವು. ಅವರು ಅಂಗಡಿಗೆ ಆ ಸ್ಟಾರ್ಟರ್ ತಂದು ಇಟ್ಟಾಗ ಅದರಲ್ಲಿ ಏನೂ ಕೆಟ್ಟಿರಲಿಲ್ಲ. ಅದು ತನಗೆ ಹೇಳಿದ ಕೆಲಸವನ್ನೇ ಮಾಡಿತ್ತು.

ಆ ದಿನದಿಂದ ಅಬ್ಬಾ ಒಂದು ಮಾತನ್ನು ದಿನಕ್ಕೆ ಹತ್ತು ಸಲ ಹೇಳುತ್ತಾರೆ: "ಪೈಲೇ ಫ್ಯೂಜ್ ನಿಕಾಲ್ಕೆ ಜೇಬ್ ಮೇ ರಖ್, ಬಾದ್ ಮೇ ಹಾತ್ ಲಗಾ." ಮೊದಲು ಫ್ಯೂಜ್ ಕಿತ್ತು ಜೇಬಿನಲ್ಲಿಟ್ಟುಕೊ, ಆಮೇಲೆ ಕೈ ಹಾಕು. ಜೇಬಿನಲ್ಲಿ ಎಂಬುದು ಇಲ್ಲಿ ಮುಖ್ಯ. ಪಕ್ಕದಲ್ಲಿಟ್ಟರೆ ಇನ್ಯಾರಾದರೂ ಬಂದು ಹಾಕಿಬಿಡಬಹುದು.

ಹಾಗಾದರೆ ಕಂಪ್ಯೂಟರಿನಿಂದ ಪಂಪ್ ನಡೆಸುವುದೇ ಬೇಡವೇ? ನಡೆಸಬಹುದು, ಎರಡು ರಿಲೇ ಇಟ್ಟು. ಒಂದನ್ನು ಕೆಂಪು ಗುಂಡಿಯ ಸಾಲಿನಲ್ಲೇ ಸೇರಿಸಬೇಕು, ಎನ್‌ಒ ಕಾಂಟ್ಯಾಕ್ಟಿನಿಂದ. ಇದನ್ನು ಅನುಮತಿ ರಿಲೇ ಎನ್ನೋಣ. ಇದು ಎಳೆದಿದ್ದರೆ ಮಾತ್ರ ಕಾಂಟ್ಯಾಕ್ಟರ್ ನಿಲ್ಲಬಲ್ಲದು. ಕಂಪ್ಯೂಟರ್ ಆಫ್ ಆದರೆ, ತಂತಿ ಕಿತ್ತರೆ, ಅಡಾಪ್ಟರ್ ಸುಟ್ಟರೆ ಇದು ಬಿಡುತ್ತದೆ, ಮೋಟಾರ್ ನಿಲ್ಲುತ್ತದೆ. ಇನ್ನೊಂದನ್ನು ಹಸಿರು ಗುಂಡಿಗೆ ಅಡ್ಡವಾಗಿ ಹಾಕಿ ಒಂದೇ ಒಂದು ಸೆಕೆಂಡು ಎಳೆದು ಬಿಡಬೇಕು, ಬೆರಳು ಒತ್ತಿ ಬಿಟ್ಟಂತೆ. ನಮ್ಮಲ್ಲಿ ಇಂಟರ್ನಲ್ ಚೆಕ್ ಎಂದು ಪಾಠ ಇದೆಯಲ್ಲ, ಒಂದೇ ಕೈಯಲ್ಲಿ ಪೂರ್ತಿ ವ್ಯವಹಾರ ಇರಬಾರದು ಎಂದು; ಅದೇ. ಕೆಂಪು ಗುಂಡಿ, ಓವರ್‌ಲೋಡ್ ರಿಲೇ, ತೊಟ್ಟಿಯ ಫ್ಲೋಟ್ ಸ್ವಿಚ್ ಇವೆಲ್ಲ ವೈರಿನಲ್ಲೇ ಸಾಲಾಗಿ ಉಳಿಯಬೇಕು. ಪ್ರೋಗ್ರಾಮ್ ಕೈಕೊಟ್ಟರೂ ಅವು ಕೆಲಸ ಮಾಡಬೇಕು. ಯಾಕೆಂದರೆ ಪ್ರೋಗ್ರಾಮ್ ಹ್ಯಾಂಗ್ ಆದರೆ ಪೆಟ್ಟಿಗೆಗೆ ಅದು ಗೊತ್ತಾಗುವುದಿಲ್ಲ. ಯುಎಸ್‌ಬಿಯಿಂದ ಕರೆಂಟ್ ಬರುತ್ತಿರುವವರೆಗೆ ಕೊನೆಯ ಆದೇಶವನ್ನೇ ಹಿಡಿದುಕೊಂಡು ಕೂತಿರುತ್ತದೆ.

ಮತ್ತು ವಾಪಸು ಸುದ್ದಿ ಬೇಕು. ಬ್ಯಾಂಕ್ ರಿಕನ್ಸಿಲಿಯೇಶನ್ ಸ್ಟೇಟ್‌ಮೆಂಟ್ ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಕ್ಯಾಶ್ ಬುಕ್ಕಿನಲ್ಲಿ ಚೆಕ್ ಬರೆದಾಯಿತು, ಬ್ಯಾಂಕಿನ ಪಾಸ್ ಬುಕ್ಕಿನಲ್ಲಿ ಅದು ಬಿದ್ದಿದೆಯೇ? ಕಾಂಟ್ಯಾಕ್ಟರಿನಲ್ಲಿ ಮೋಟಾರಿಗೆ ಸಂಬಂಧವಿಲ್ಲದ ಒಂದು ಹೆಚ್ಚುವರಿ ಕಾಂಟ್ಯಾಕ್ಟ್ ಸಿಗುತ್ತದೆ. ಅದರ ಮೂಲಕ ಅಳೆಯುವ ಪೆಟ್ಟಿಗೆಯ ಡಿಜಿಟಲ್ ಇನ್‌ಪುಟ್ಟನ್ನು ಅದರ ಗ್ರೌಂಡಿಗೆ ಸೇರಿಸಿದರೆ, ಕಾಂಟ್ಯಾಕ್ಟರ್ ನಿಜವಾಗಿ ಎಳೆದಿದೆಯೇ ಎಂಬುದು ಕಂಪ್ಯೂಟರಿಗೆ ತಿಳಿಯುತ್ತದೆ. ಆದೇಶ ಬಂದ್, ವಾಪಸು ಸುದ್ದಿ ಚಾಲೂ ಎಂದಿದ್ದರೆ ಬೆಸೆದಿದೆ ಎಂದರ್ಥ, ಕೂಡಲೇ ಗಂಟೆ ಬಾರಿಸಬೇಕು. ಆದೇಶ ಚಾಲೂ, ಸುದ್ದಿ ಬಂದ್ ಎಂದಿದ್ದರೆ ಕರೆಂಟ್ ಹೋಗಿದೆ ಅಥವಾ ಓವರ್‌ಲೋಡ್ ಬಿಟ್ಟಿದೆ. ಆಗ ಅನುಮತಿ ರಿಲೇಯನ್ನೂ ಬಿಡಿಸಿ ಮನುಷ್ಯರು ಬರುವವರೆಗೆ ಕಾಯಬೇಕು. ಅಳೆಯುವ ಪೆಟ್ಟಿಗೆಗೆ ಅಳೆಯುವುದೇ ಕಸುಬು ಎಂದು ಮೊದಲೇ ಹೇಳಿದೆ. ಆ ಕಸುಬನ್ನು ಇಲ್ಲಿ ಬಳಸದಿದ್ದರೆ ಇನ್ನೆಲ್ಲಿ?

ಇದೆಲ್ಲ ಬರೀ ಪ್ರದರ್ಶನದ ಆಟವಲ್ಲ ಎಂಬುದಕ್ಕೆ ನಮ್ಮ ಸುತ್ತಲೇ ಸಾಕ್ಷಿ ಇದೆ. ನಾರಾಯಣಪುರ ಎಡದಂಡೆ ಕಾಲುವೆಯ ಗೇಟುಗಳನ್ನು ಕೃಷ್ಣಾ ಭಾಗ್ಯ ಜಲ ನಿಗಮ ದೂರದಿಂದಲೇ ನೋಡಿ ನಡೆಸುವ ಸ್ಕಾಡಾ ವ್ಯವಸ್ಥೆಗೆ ತಂದಿದೆ. ಇಂಡಿ ಶಾಖಾ ಕಾಲುವೆ ಸಿಂದಗಿ, ಇಂಡಿ ತಾಲ್ಲೂಕುಗಳ ಹೊಲಕ್ಕೆ ನೀರು ತರುವುದು ಅದೇ ಕಾಲುವೆಯಿಂದ. ಮುದ್ದೇಬಿಹಾಳದ ಗೆಳೆಯರಿಗೆ ನಾರಾಯಣಪುರ ಜಲಾಶಯದ ಹಿನ್ನೀರು ಮನೆಯಂಗಳದ ಮಾತು. ಬಸವನ ಬಾಗೇವಾಡಿ ಕಡೆಯವರು 26 ಗೇಟುಗಳ ಆಲಮಟ್ಟಿಯನ್ನೂ ಮುಳವಾಡ ಏತ ನೀರಾವರಿಯ ಪಂಪುಗಳನ್ನೂ ನೋಡಿಯೇ ಬೆಳೆದವರು. ಇಂಥ ದೊಡ್ಡ ವ್ಯವಸ್ಥೆಗಳಲ್ಲಿ ಕಂಟ್ರೋಲರಿನ ಔಟ್‌ಪುಟ್ಟನ್ನು ಗೇಟಿನ ಮೋಟಾರಿಗೆ ಹತ್ತಿರ ಬಿಡುವುದೇ ಇಲ್ಲ. ಸಾಮಾನ್ಯವಾಗಿ ನಡುವೆ 24 ವೋಲ್ಟಿನ ಒಂದು ರಿಲೇ ನಿಲ್ಲಿಸುತ್ತಾರೆ, ಅದಕ್ಕೆ ಇಂಟರ್‌ಪೋಸಿಂಗ್ ರಿಲೇ ಎಂದೇ ಹೆಸರು, ನಡುವೆ ನಿಂತವನು ಎಂದು. ಅದರ ಮುಂದೆ ಕಾಂಟ್ಯಾಕ್ಟರ್. ಗೇಟ್ ಏರಿಸಲು ಒಂದು, ಇಳಿಸಲು ಒಂದು. ಎರಡೂ ಒಟ್ಟಿಗೆ ಎಳೆದರೆ ಎರಡು ಫೇಸ್ ಶಾರ್ಟ್ ಆಗುತ್ತವೆ, ಆದ್ದರಿಂದ ಒಂದರ ಎನ್‌ಸಿ ಕಾಂಟ್ಯಾಕ್ಟ್ ಮೂಲಕವೇ ಇನ್ನೊಂದರ ಕಾಯಿಲಿಗೆ ದಾರಿ. ಗೇಟ್ ತುದಿ ಮುಟ್ಟಿದಾಗ ಲಿಮಿಟ್ ಸ್ವಿಚ್ ತಾನೇ ಬಿಡಿಸುತ್ತದೆ. ಯಾವುದೂ ಪ್ರೋಗ್ರಾಮಿನ ದಾಕ್ಷಿಣ್ಯದಲ್ಲಿಲ್ಲ.

ಕಟ್ಟಿದ ಮೇಲೆ ಪರೀಕ್ಷೆ ಹೀಗೆ ಮಾಡಿ. ಮೋಟಾರ್ ಕಡೆಗೆ ಏನೂ ಜೋಡಿಸದೆ, ರಿಲೇಯ ಟಕ್ ಸದ್ದನ್ನಷ್ಟೇ ಕೇಳುತ್ತ ಕಂಪ್ಯೂಟರನ್ನು ಹತ್ತು ಸಲ ಆಫ್ ಮಾಡಿ ಆನ್ ಮಾಡಿ. ಒಮ್ಮೆಯೂ ತಾನಾಗಿ ಟಕ್ ಎನ್ನಬಾರದು. ಆಮೇಲೆ ಒಂದು 12 ವೋಲ್ಟ್ ಬಲ್ಬ್ ಹಾಕಿ, ಅದು ಉರಿಯುತ್ತಿರುವಾಗ ಯುಎಸ್‌ಬಿ ತಂತಿ ಕಿತ್ತು ನೋಡಿ, ಮತ್ತೆ ಚುಚ್ಚಿ ನೋಡಿ. ಪ್ರೋಗ್ರಾಮನ್ನು ಟಾಸ್ಕ್ ಮ್ಯಾನೇಜರಿನಿಂದ ಬಲವಂತವಾಗಿ ಮುಚ್ಚಿ ನೋಡಿ. ಬಲ್ಬ್ ಉರಿಯುತ್ತಲೇ ಉಳಿದರೆ ಅಚ್ಚರಿಪಡಬೇಡಿ, ಫ್ಲೋಟ್ ಸ್ವಿಚ್ ಎತ್ತಿದಾಗ ಅದು ಆರುತ್ತದೆಯೇ ಎಂಬುದನ್ನು ನೋಡಿ. ಕೊನೆಗೆ ಅಡಾಪ್ಟರ್ ಕಿತ್ತು ಮತ್ತೆ ಹಾಕಿ. ಪ್ರತಿ ಸಲ ಏನಾಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಬಲ್ಬ್ ತಾನಾಗಿ ಹತ್ತಿಕೊಂಡದ್ದು ಒಂದೇ ಸಲವಾದರೂ ಅಲ್ಲಿಗೆ ಪಂಪ್ ಜೋಡಿಸುವುದನ್ನು ನಿಲ್ಲಿಸಿ, ಮತ್ತೆ ಆ 4700 ಓಮಿನ ಲೆಕ್ಕದಿಂದ ಶುರು ಮಾಡಿ.